ಮೊಬೈಲ್ ಕಿತ್ತುಕೊಂಡರೆ ಸಾಕಲ್ಲವೇ ಎಂದು ಕೇಳುವವರಿಗೆ

ಗೋಣಿಕೊಪ್ಪಲಿನಿಂದ ಸೋಮವಾರಪೇಟೆಯವರೆಗೆ ಯಾವ ಶಾಲೆಯ ಪೋಷಕರ ಸಭೆಗೆ ಹೋದರೂ, ಮಕ್ಕಳ ಲೈಂಗಿಕ ಶೋಷಣೆಯ ಮಾತೆತ್ತಿದೊಡನೆ ಬರುವ ಪ್ರಶ್ನೆ ಒಂದೇ: ‘ಮೊಬೈಲ್ ಕಿತ್ತುಕೊಂಡರೆ ಸಾಕಲ್ಲವೇ, ಮೇಡಂ?’ ಸಾಲದು. ಇದನ್ನು ಬಾಯಲ್ಲಿ ಹೇಳಿ ಹೇಳಿ ದಣಿದಿರುವುದರಿಂದ ಬರೆಯುತ್ತಿದ್ದೇನೆ.

ಕಾಫಿ ಕೊಯ್ಲಿನ ಸಮಯದಲ್ಲಿ ತಂದೆಯೊಬ್ಬರು ಮಗಳಿಂದ ಕಸಿದುಕೊಂಡ ಫೋನನ್ನು ನನ್ನ ಮೇಜಿನ ಮೇಲಿಟ್ಟು, ‘ಇನ್ನು ತೊಂದರೆಯಿಲ್ಲ’ ಎಂದರು. ಅದಕ್ಕೆ 84 ದಿನಗಳ ರೀಚಾರ್ಜ್ ಆಗಿತ್ತು. ಮಾಡಿಸಿದವರು ಯಾರೆಂದು ಕೇಳಿದೆ. ಅವರೂ ಮಾಡಿಸಿರಲಿಲ್ಲ, ತಾಯಿಯೂ ಮಾಡಿಸಿರಲಿಲ್ಲ. ಹಣ ಕೊಟ್ಟವನು ಹೊರಗೆ ನೆಮ್ಮದಿಯಾಗಿದ್ದ, ಶಿಕ್ಷೆ ಹುಡುಗಿಗಾಗಿತ್ತು. ‘ಮನೆಯಲ್ಲಿ ಹೇಳಿದರೆ ನಿನಗೇ ಬೈಯುತ್ತಾರೆ, ಶಾಲೆ ಬಿಡಿಸುತ್ತಾರೆ’ ಎಂದು ಇಂಥವರು ಮಕ್ಕಳನ್ನು ಹೆದರಿಸುತ್ತಾರಲ್ಲ, ಆ ಬೆದರಿಕೆಯ ಅರ್ಧವನ್ನು ತಂದೆಯೇ ಕೈಯಾರೆ ನಿಜ ಮಾಡಿದ್ದರು.

ನೋಡಬೇಕಾದದ್ದು ಬೇರೆಯೇ ಇದೆ. ಎಲ್ಲಿಂದ ಬಂತೆಂದು ಹೇಳಲಾಗದ ಹಣ ಅಥವಾ ಉಡುಗೊರೆ, ವಯಸ್ಸಿನಲ್ಲಿ ಬಹಳ ದೊಡ್ಡವನಾದ ಹೊಸ ‘ಅಣ್ಣ’, ತರಗತಿ ತಪ್ಪಿಸುವುದು, ಇದ್ದ ಗೆಳತಿಯರಿಂದ ದೂರವಾಗುವುದು, ಮೆಸೇಜ್ ಬಂದೊಡನೆ ಮುಖ ಬಾಡುವುದು: ಇವುಗಳಲ್ಲಿ ಒಂದನ್ನೇ ಕಂಡು ತೀರ್ಮಾನಕ್ಕೆ ಬರಬಾರದು, ಎರಡು ಮೂರು ಸೇರಿದರೆ ಸುಮ್ಮನಿರಲೂಬಾರದು. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿ ಸ್ವಂತ ಫೋನೇ ಇಲ್ಲದ ಮಕ್ಕಳಿದ್ದಾರೆ. ಅಲ್ಲಿ ದೂರದ ಊರಿನಲ್ಲಿ ಕೆಲಸ ಕೊಡಿಸುತ್ತೇನೆಂದು ಮುಂಗಡ ಹಿಡಿದು ಬರುವ ಪರಿಚಯಸ್ಥನನ್ನು ಗಮನಿಸಬೇಕು. ಗಂಡುಮಕ್ಕಳ ತಂದೆತಾಯಂದಿರು ತಮಗೆ ಸಂಬಂಧವಿಲ್ಲವೆಂದು ಸಭೆಯಿಂದ ಬೇಗ ಏಳುತ್ತಾರೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ 18 ತುಂಬದ ಗಂಡು, ಹೆಣ್ಣು ಇಬ್ಬರಿಗೂ ಅನ್ವಯಿಸುತ್ತದೆ, ಮಗು ‘ಒಪ್ಪಿತ್ತು’ ಎಂಬ ವಾದ ಅದರಡಿ ನಿಲ್ಲುವುದಿಲ್ಲ.

‘ಮಗಳು ಬಾಯಿ ಬಿಟ್ಟ ದಿನ ನಾನು ಮೊದಲು ಏನು ಹೇಳಬೇಕು?’ ಎಂದು ಯಾರಾದರೂ ಕೇಳಲಿ ಎಂಬುದು ನನ್ನ ಆಸೆ. ‘ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ’ ಎನ್ನಿ. ‘ಮೊದಲೇ ಏಕೆ ಹೇಳಲಿಲ್ಲ’ ಎಂದು ಕೇಳಬೇಡಿ. ಸಿಟ್ಟಿನಲ್ಲಿ ಶೋಷಿಸಿದವನಿಗೆ ಕರೆ ಮಾಡಬೇಡಿ, ಮೆಸೇಜುಗಳನ್ನು ಅಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಊರಿಗೆಲ್ಲ ತಿಳಿಯುತ್ತದೆ ಎಂದು ಅಂಜುವವರಿಗೆ ಹೇಳುತ್ತೇನೆ: ಮಗುವಿನ ಗುರುತನ್ನು ಮಾಧ್ಯಮದಲ್ಲಿ ಬಯಲು ಮಾಡುವುದನ್ನು ಕಾಯ್ದೆ ನಿಷೇಧಿಸಿದೆ, ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪಡೆಯುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರುವಂತಿಲ್ಲ.