ಮಸುಕು ಗೆರೆಯೂ ಗೆರೆಯೇ

ಮೂತ್ರದಲ್ಲಿ ಡ್ರಗ್ ಹುಡುಕುವ ಟೆಸ್ಟ್ ಕಪ್ಪಿನ ಲೇಬಲ್ ಸುಲಿದಾಗ ಓಪಿಐ (ಓಪಿಯೇಟ್, ಅಂದರೆ ಮಾರ್ಫೀನ್ ಜಾತಿಯ ಡ್ರಗ್) ಪಟ್ಟಿಯಲ್ಲಿ ಸಿ (ಕಂಟ್ರೋಲ್) ಗೆರೆ ಕಡುಗೆಂಪಾಗಿ ಮೂಡಿತ್ತು. ಟಿ (ಟೆಸ್ಟ್) ಗೆರೆ ಇರಬೇಕಾದ ಜಾಗದಲ್ಲಿ ತೆಳು ಗುಲಾಬಿ ನೆರಳಿನಂಥದ್ದೊಂದು. ಟ್ಯೂಬ್‌ಲೈಟಿನ ಕೆಳಗೆ ನೋಡಿದೆ, ಕಿಟಕಿಗೆ ಹಿಡಿದು ನೋಡಿದೆ, ಓರೆ ಮಾಡಿ ನೋಡಿದೆ. ಐದು ನಿಮಿಷಕ್ಕೆ ಓದಬೇಕಾದ ಪಟ್ಟಿಯನ್ನು ಹೀಗೆ ನೋಡುತ್ತಲೇ ಏಳು ನಿಮಿಷವಾಯಿತು. ಹೊರಗೆ ಕುರ್ಚಿಯಲ್ಲಿ ಕೂತಿದ್ದ ಏಡ್ (ಮನೆಗೆ ಹೋಗಿ ರೋಗಿಯ ಆರೈಕೆ ಮಾಡುವವರು) ನನ್ನ ಮುಖವನ್ನೇ ನೋಡುತ್ತಿದ್ದರು. ನಮ್ಮ ಏಜೆನ್ಸಿಯಿಂದ ಟೆಸ್ಟ್ ಪಾಸಾದರೆ ಕೆಲಸ ಎಂಬ ಕಂಡೀಷನಲ್ ಆಫರ್ ಆಗಿತ್ತು, ಸೋಮವಾರದಿಂದ ಒಬ್ಬ ಹಾಸ್ಪಿಸ್ (ಬದುಕಿನ ಕೊನೆಯ ದಿನಗಳ ಆರೈಕೆ) ಪೇಶೆಂಟಿನ ಸ್ನಾನ, ಬಟ್ಟೆಯ ವಿಸಿಟ್ಟುಗಳು ಅವರ ಹೆಸರಲ್ಲಿದ್ದವು. ನಾನು ಫಾರ್ಮಿನಲ್ಲಿ ನಾನ್-ನೆಗೆಟಿವ್ (ಡ್ರಗ್ ಇರಬಹುದು, ಲ್ಯಾಬ್ ಖಚಿತಪಡಿಸಬೇಕು) ಬಾಕ್ಸಿಗೆ ಟಿಕ್ ಹಾಕಿದೆ.

ಅದು ತಪ್ಪು. ಡ್ರಗ್ ಕಪ್ಪಿನಲ್ಲಿ ಗೆರೆ ಇದ್ದರೆ ನೆಗೆಟಿವ್. ಎಷ್ಟೇ ಮಸುಕಾಗಿರಲಿ, ಕಾಣಿಸಿದರೆ ಸಾಕು. ಪಟ್ಟಿಯಲ್ಲಿರುವ ಆಂಟಿಬಾಡಿಯನ್ನು ಮೂತ್ರದಲ್ಲಿರುವ ಡ್ರಗ್ ಮೊದಲೇ ಹಿಡಿದುಕೊಂಡುಬಿಟ್ಟರೆ ಟಿ ಜಾಗದಲ್ಲಿ ಬಣ್ಣ ಕಟ್ಟುವುದಿಲ್ಲ. ಡ್ರಗ್ ಇಲ್ಲದಿದ್ದಾಗ, ಅಥವಾ ಕಟ್-ಆಫ್ ಮಿತಿಗಿಂತ ಕೆಳಗಿದ್ದಾಗ, ಗೆರೆ ಮೂಡುತ್ತದೆ. ಕೋವಿಡ್ ಕಿಟ್ ಇದಕ್ಕೆ ತಿರುಗುಮುರುಗು: ಅಲ್ಲಿ ಮಸುಕು ಗೆರೆ ಕಂಡರೂ ಪಾಸಿಟಿವ್. ಎರಡು ವರ್ಷ ಮೂಗಿನ ಕಿಟ್ಟುಗಳನ್ನು ಓದಿ ಓದಿ ಕಣ್ಣಿಗೆ ಆ ಅಭ್ಯಾಸ ಹತ್ತಿಬಿಟ್ಟಿದೆ. ಮಸುಕು ಗೆರೆ ಕಂಡ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಕೈ ತಪ್ಪು ಬಾಕ್ಸಿಗೆ ಹೋಗುತ್ತದೆ. ಹೊಸಬರಿಗೆ ಕಪ್ ಕೊಡುವ ಮೊದಲು ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಸಿ ಗೆರೆಯೇ ಇಲ್ಲದಿದ್ದರೆ ಆ ಕಪ್ ಕೆಟ್ಟಿದೆ ಎಂದರ್ಥ, ಫಲಿತಾಂಶ ಯಾವುದೂ ಅಲ್ಲ. ಕಪ್ಪಿನ ಜತೆ ಬರುವ ಚೀಟಿಯಲ್ಲಿ ಓದುವ ಅವಧಿ ಬರೆದಿರುತ್ತದೆ. ಅದು ದಾಟಿದ ಮೇಲೆ ಮೂಡಿದ್ದನ್ನಾಗಲಿ ಅಳಿಸಿದ್ದನ್ನಾಗಲಿ ಲೆಕ್ಕಕ್ಕೆ ಹಿಡಿಯಬಾರದು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಹೊರಗೆ ಬಂದು, ರಿಸೆಪ್ಷನ್ ಮುಂದೆಯೇ, ಇನ್ನಿಬ್ಬರು ಕ್ಯಾಂಡಿಡೇಟ್‌ಗಳು ಕೂತಿರುವಾಗಲೇ ಕೇಳಿದೆ: “ಇತ್ತೀಚೆಗೆ ಏನಾದರೂ ಮಾತ್ರೆ ತಗೊಂಡಿದ್ದೀರಾ?” ಅವರ ಮುಖ ಬಿಳಿಚಿಕೊಂಡಿತು. ಹಲ್ಲು ಕೀಳಿಸಿಕೊಂಡಿದ್ದು, ಡೆಂಟಿಸ್ಟ್ ಹೈಡ್ರೊಕೋಡೋನ್ ಎಂಬ ಓಪಿಯೇಟ್ ಜಾತಿಯ ನೋವಿನ ಮಾತ್ರೆ ಬರೆದುಕೊಟ್ಟಿದ್ದು, ಮೂರು ದಿನದ ಹಿಂದೆ ಕೊನೆಯ ಮಾತ್ರೆ ನುಂಗಿದ್ದು ಎಲ್ಲವನ್ನೂ ಎಲ್ಲರೆದುರು ಹೇಳಿದರು. ಬ್ಯಾಗಿನಿಂದ ಬಾಟಲಿ ತೆಗೆದು ತೋರಿಸಲೂ ಹೋದರು. ಆ ಪ್ರಶ್ನೆ ನನ್ನಂತೆ ಸ್ಯಾಂಪಲ್ ತೆಗೆದುಕೊಳ್ಳುವ ಕಲೆಕ್ಟರ್ ಕೇಳುವಂಥದ್ದಲ್ಲ. ಅದು ಎಂಆರ್‌ಒ (ಮೆಡಿಕಲ್ ರಿವ್ಯೂ ಆಫೀಸರ್, ಲ್ಯಾಬ್ ಫಲಿತಾಂಶ ಪರಿಶೀಲಿಸುವ ಡಾಕ್ಟರು) ಕೆಲಸ. ಲ್ಯಾಬಿನಲ್ಲಿ ಪಾಸಿಟಿವ್ ಖಚಿತವಾದರೆ ಮಾತ್ರ ಆ ಡಾಕ್ಟರು ನೇರವಾಗಿ ಕ್ಯಾಂಡಿಡೇಟ್‌ಗೆ ಫೋನ್ ಮಾಡುತ್ತಾರೆ, ಪ್ರಿಸ್ಕ್ರಿಪ್ಷನ್ ತರಿಸಿಕೊಳ್ಳುತ್ತಾರೆ, ಫಾರ್ಮಸಿಯಲ್ಲಿ ವಿಚಾರಿಸುತ್ತಾರೆ. ಪ್ರಿಸ್ಕ್ರಿಪ್ಷನ್ ಸರಿಯಿದ್ದರೆ ಏಜೆನ್ಸಿಗೆ ಬರುವುದು ‘ನೆಗೆಟಿವ್’ ಅನ್ನುವ ಒಂದೇ ಮಾತು. ಯಾವ ಮಾತ್ರೆ, ಏತಕ್ಕೆ ಅನ್ನುವುದು ನಮ್ಮ ಫೈಲಿಗೆ ಬರಬಾರದು.

ಅಷ್ಟರಲ್ಲಿ ಶೆಡ್ಯೂಲರ್ ಬಾಗಿಲಲ್ಲಿ ತಲೆ ಹಾಕಿ, “ಸೋಮವಾರದ ಕೇಸ್ ಬೇರೆಯವರಿಗೆ ಕೊಟ್ಟುಬಿಡ್ಲಾ?” ಅಂದರು. ನಾನು ಹ್ಞೂಂ ಅಂದೆ. ಕಪ್ ಇನ್ನೂ ಬೆಚ್ಚಗಿತ್ತು, ಲ್ಯಾಬಿಗೆ ಹೋಗಿರಲೂ ಇಲ್ಲ.

ಈಗ ಕ್ರಮದ ವಿಷಯ. ನಮ್ಮ ಕೆಲಸಕ್ಕೆ ಡಾಟ್ (ಅಮೆರಿಕದ ಸಾರಿಗೆ ಇಲಾಖೆ) ಡ್ರಗ್ ಟೆಸ್ಟ್ ನಿಯಮ ಅನ್ವಯಿಸುವುದಿಲ್ಲ. ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ನಿಯಮ ಹಾಸ್ಪಿಸ್ ನೌಕರರಿಗೆ ಕ್ರಿಮಿನಲ್ ಬ್ಯಾಕ್‌ಗ್ರೌಂಡ್ ಚೆಕ್ ಕೇಳುತ್ತದೆ, ಡ್ರಗ್ ಟೆಸ್ಟ್ ಕೇಳುವುದಿಲ್ಲ. ನಾವಿರುವ ಟೆಕ್ಸಾಸ್‌ನಲ್ಲಿ ಏಜೆನ್ಸಿ ತನ್ನ ಡ್ರಗ್ ಟೆಸ್ಟ್ ಪಾಲಿಸಿಯನ್ನು ಬರೆದಿಟ್ಟು, ಸೇವೆ ಕೇಳಿಕೊಂಡು ಬಂದವರಿಗೆ ತೋರಿಸಬೇಕು. ಟೆಸ್ಟ್ ಹೇಗೆ ಮಾಡಬೇಕು ಅನ್ನುವುದು ಬಹುಪಾಲು ಆ ಪಾಲಿಸಿಗೇ ಬಿಟ್ಟದ್ದು. ಹೀಗಿದ್ದಾಗ ಡಾಟ್‌ನ ಟೆಸ್ಟ್ ನಿಯಮಾವಳಿ ಪಾರ್ಟ್ 40ರ ಪದ್ಧತಿಯನ್ನೇ ಹಿಡಿಯುವುದು ಕ್ಷೇಮ. ಫಾರ್ಮ್ ಮಾತ್ರ ನಾನ್-ಡಾಟ್ ಸಿಸಿಎಫ್ (ಸ್ಯಾಂಪಲ್ ಯಾರ ಕೈಯಿಂದ ಯಾರಿಗೆ ಹೋಯಿತೆಂದು ದಾಖಲಿಸುವ ಫಾರ್ಮ್) ಇರಲಿ, ಫೆಡರಲ್ ಫಾರ್ಮ್ ಮುಟ್ಟಬೇಡಿ.

ಫೋಟೊ ಐಡಿ ನೋಡಿ. ಕೋಟು, ಬ್ಯಾಗು ಹೊರಗಿಡಿಸಿ, ಜೇಬು ಖಾಲಿ ಮಾಡಿಸಿ, ಕೈ ತೊಳೆಸಿ. ಕಮೋಡಿನ ನೀರಿಗೆ ನೀಲಿ ಬಣ್ಣ, ನಲ್ಲಿಗೆ ಟೇಪು, ಫ್ಲಶ್ ಮಾಡಬೇಡಿ ಅಂತ ಮೊದಲೇ ಹೇಳುವುದು. ಕಪ್ ಕೈಗೆ ಬಂದ 4 ನಿಮಿಷದೊಳಗೆ ಟೆಂಪ್ ಸ್ಟ್ರಿಪ್ ಓದಿ: 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 32ರಿಂದ 38 ಸೆಲ್ಸಿಯಸ್. ಅದರೊಳಗೆ ಇಲ್ಲದಿದ್ದರೆ ಮತ್ತೊಂದು ಸ್ಯಾಂಪಲ್, ಈ ಸಲ ಕಣ್ಣೆದುರೇ. ಪ್ರಮಾಣ ಕನಿಷ್ಠ 45 ಎಂಎಲ್: ಲ್ಯಾಬ್ ಮೊದಲು ಪರೀಕ್ಷಿಸುವ ಬಾಟಲ್ ಎಗೆ 30, ಮರುಪರೀಕ್ಷೆಗೆ ಕಾದಿಡುವ ಬಾಟಲ್ ಬಿಗೆ 15. ಕಪ್ ನಾನ್-ನೆಗೆಟಿವ್ ತೋರಿಸಿದರೆ ಅದೇ ಮೂತ್ರವನ್ನು ಡೋನರ್ (ಸ್ಯಾಂಪಲ್ ಕೊಟ್ಟವರು) ಕಣ್ಣೆದುರೇ ಬಾಟಲಿಗಳಿಗೆ ಸುರಿದು, ಸೀಲ್ ಅಂಟಿಸಿ, ಸೀಲಿನ ಮೇಲೆ ಅವರಿಂದಲೇ ಇನಿಷಿಯಲ್ ಹಾಕಿಸಬೇಕು. ಕಪ್ ಮೇಜಿನ ಮೇಲಿಟ್ಟು ಪೆನ್ ತರಲು ಒಳಗೆ ಹೋಗಿಬಂದರೂ ಕಸ್ಟಡಿ, ಅಂದರೆ ಸ್ಯಾಂಪಲ್ ಮೇಲಿನ ಸತತ ನಿಗಾ, ಮುರಿಯಿತು. ಮುಂದೆ ಯಾರಾದರೂ ಪ್ರಶ್ನಿಸಿದರೆ ನಿಮ್ಮ ಹತ್ತಿರ ಉತ್ತರವಿರುವುದಿಲ್ಲ.

ಮೂತ್ರ ಬರುತ್ತಿಲ್ಲ ಅಂದರೆ ಮೂರು ಗಂಟೆ ಕಾಯಿರಿ, ಆ ಅವಧಿಯಲ್ಲಿ ಕುಡಿಯಲು 40 ಔನ್ಸ್, ಸುಮಾರು 1.2 ಲೀಟರ್, ಅದಕ್ಕಿಂತ ಹೆಚ್ಚು ಬೇಡ. ಗಾಬರಿಯಲ್ಲಿ ಬಾಟಲಿಗಟ್ಟಲೆ ನೀರು ಕುಡಿದರೆ ಮೂತ್ರದಲ್ಲಿರುವ ಕ್ರಿಯಾಟಿನೈನ್ ಎಂಬ ತ್ಯಾಜ್ಯ 20 ಎಂಜಿ/ಡಿಎಲ್‌ಗಿಂತ ಕೆಳಗಿಳಿದು ಡೈಲ್ಯೂಟ್ (ನೀರಾದ ಮೂತ್ರ) ಅಂತ ಬರುತ್ತದೆ. ಡೈಲ್ಯೂಟ್ ಬಂದವರೆಲ್ಲ ಮೋಸ ಮಾಡಿದವರಲ್ಲ, ಬಹಳಷ್ಟು ಮಂದಿ ಹೆದರಿದವರು. ಬೆಳಗಿನ ಮೊದಲ ಮೂತ್ರದ ಹೊತ್ತಿಗೆ ಮತ್ತೆ ಕರೆಯಿರಿ.

ನನಗೆ ನಿಜಕ್ಕೂ ಸಂಕಟವಾಗುವುದು ಮ್ಯಾನೇಜ್‌ಮೆಂಟ್ ತರಿಸುವ, ಐದು ಬಗೆಯ ಡ್ರಗ್ ಮಾತ್ರ ಹುಡುಕುವ 5-ಪ್ಯಾನೆಲ್ ಕಪ್ ನೋಡಿದಾಗ. ಟಿಎಚ್‌ಸಿ (ಗಾಂಜಾ), ಕೊಕೇನ್, ಆಂಫೆಟಮೈನ್, ಓಪಿಯೇಟ್, ಪಿಸಿಪಿ, ಅಷ್ಟೇ. ಹಾಸ್ಪಿಸ್ ಪೇಶೆಂಟಿನ ಫ್ರಿಜ್ ತೆರೆದು ನೋಡಿ. ಕಂಫರ್ಟ್ ಕಿಟ್‌ನಲ್ಲಿ (ತುರ್ತಿಗೆಂದು ಮನೆಯಲ್ಲಿಡುವ ಔಷಧಗಳ ಪೆಟ್ಟಿಗೆ) ಆತಂಕ ಇಳಿಸುವ ಲೊರಾಜೆಪಾಮ್, ಪಕ್ಕದಲ್ಲಿ ಎಂಎಲ್‌ಗೆ 20 ಎಂಜಿ ಇರುವ ಮಾರ್ಫೀನ್ ಕಾನ್ಸಂಟ್ರೇಟ್, ಡ್ರಾಯರಿನಲ್ಲಿ ನೋವಿಗೆ ಚರ್ಮದ ಮೇಲೆ ಅಂಟಿಸುವ ಫೆಂಟನಿಲ್ ಪ್ಯಾಚ್. ಓಪಿಯೇಟ್ ಪಟ್ಟಿ ಮಾರ್ಫೀನ್ ಹಿಡಿಯುತ್ತದೆ. ಫೆಂಟನಿಲ್ ಸಿಂಥೆಟಿಕ್, ಅದು ಈ ಪಟ್ಟಿಗೆ ಕಾಣುವುದೇ ಇಲ್ಲ, ಬೇರೆ ಪಟ್ಟಿ ಬೇಕು. ಆಕ್ಸಿಕೋಡೋನ್ ಎಂಬ ನೋವಿನ ಮಾತ್ರೆಗೂ ಪ್ರತ್ಯೇಕ ಪಟ್ಟಿ ಇರಬೇಕು. ಬೆಂಜೊ (ಲೊರಾಜೆಪಾಮ್ ಜಾತಿಯ ಔಷಧ) ಪಟ್ಟಿ ಇದ್ದರೂ ಲೊರಾಜೆಪಾಮ್ ದೇಹದಲ್ಲಿ ಬದಲಾಗಿ ಗ್ಲುಕುರೊನೈಡ್ ರೂಪದಲ್ಲಿ ಹೊರಬರುವುದರಿಂದ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಫೆಡರಲ್ ಪ್ಯಾನೆಲ್‌ಗೇ ಫೆಂಟನಿಲ್ ಸೇರಿದ್ದು 2025ರ ಜುಲೈನಲ್ಲಿ. ಪೇಶೆಂಟ್ ತೀರಿಕೊಂಡ ಮೇಲೆ ಉಳಿದ ಔಷಧವನ್ನು ಮನೆಯಲ್ಲೇ ನಾಶಮಾಡಲು ಹಾಸ್ಪಿಸ್ ನರ್ಸುಗಳಿಗೆ 2018ರ ಸಪೋರ್ಟ್ ಆ್ಯಕ್ಟ್ ಅವಕಾಶ ಕೊಟ್ಟಿದೆ. ಅಂಥ ಹೊತ್ತಿನಲ್ಲಿ ಆ ಬಾಟಲಿ ಯಾರ ಕೈಯಲ್ಲಿರುತ್ತದೆ ಅನ್ನುವುದಕ್ಕೇ ಈ ಟೆಸ್ಟ್ ಇರುವುದು. ಕಪ್ಪಿನಲ್ಲಿ ಒಂದೆರಡು ಡಾಲರ್ ಉಳಿಸಿ, ಮನೆಯಲ್ಲಿರುವ ಔಷಧವನ್ನೇ ಕೇಳದ ಪ್ಯಾನೆಲ್ ತರಿಸುವುದು ನೋವಿನಲ್ಲಿ ಮಲಗಿರುವವರಿಗೆ ಮಾಡುವ ಅನ್ಯಾಯ.

ಅದೇ ಅಗ್ಗದ ಕಪ್ಪಿನಲ್ಲಿ ಇನ್ನೊಂದು ತೊಡಕಿದೆ. ಓಪಿಯೇಟ್ ಕಟ್-ಆಫ್ ಎಂಎಲ್‌ಗೆ 300 ನ್ಯಾನೋಗ್ರಾಂ. ಫೆಡರಲ್ ಪ್ಯಾನೆಲ್‌ನಲ್ಲಿ ಇದನ್ನು 1998ರಲ್ಲೇ 2,000ಕ್ಕೆ ಏರಿಸಿದರು. ಕಾರಣ ಗಸಗಸೆ. ನಮ್ಮವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಅಮೆರಿಕದವರು ಬೇಗಲ್ ಮೇಲೆ ಉದುರಿಸಿಕೊಳ್ಳುವುದು ಚಿಟಿಕೆ ಕಾಳು. ನಾವು ಹಬ್ಬದ ದಿನ ಗಸಗಸೆ ಪಾಯಸ ಲೋಟಗಟ್ಟಲೆ ಕುಡಿಯುತ್ತೇವೆ, ಸಾಗು, ಕುರ್ಮಾಕ್ಕೂ ರುಬ್ಬಿ ಹಾಕುತ್ತೇವೆ. ಕಾಳಿನ ಸಿಪ್ಪೆಗೆ ಅಂಟಿದ ಮಾರ್ಫೀನ್, ಕೋಡೀನ್ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ, ಅದರ ಪ್ರಮಾಣ ಕಾಳಿನ ಲಾಟಿನಿಂದ ಲಾಟಿಗೆ ಬದಲಾಗುತ್ತದೆ. ಅಮೆರಿಕದ ರಕ್ಷಣಾ ಇಲಾಖೆ 2023ರಲ್ಲಿ ತನ್ನ ಸೈನಿಕರಿಗೆ ಗಸಗಸೆ ಬಿಡಿ ಅಂತಲೇ ಹೇಳಿತು. ನರ್ಸಿಂಗ್, ಏಡ್ ಕೆಲಸಕ್ಕೆ ಅರ್ಜಿ ಹಾಕಿದ ಕನ್ನಡಿಗರು ಟೆಸ್ಟ್ ಮುಗಿಯುವವರೆಗೆ ಕೆಲವು ದಿನ ಗಸಗಸೆ ದೂರವಿಡಿ. ತಿಂದುಬಿಟ್ಟಿದ್ದರೆ, ಎಂಆರ್‌ಒ ಫೋನ್ ಬಂದಾಗ ಯಾವ ದಿನ, ಎಷ್ಟು ಅಂತ ಸರಿಯಾಗಿ ಹೇಳಿ. ಆ ಫೋನ್ ಮಾತ್ರ ತಪ್ಪಿಸಬೇಡಿ. ಗುರುತಿಲ್ಲದ ನಂಬರ್ ಅಂತ ಎತ್ತದೆ ಬಿಟ್ಟು, ಕೈಯಲ್ಲಿ ಪ್ರಿಸ್ಕ್ರಿಪ್ಷನ್ ಇದ್ದೂ ಪಾಸಿಟಿವ್ ಆದವರಿದ್ದಾರೆ. ಫಲಿತಾಂಶ ಒಪ್ಪಿಗೆಯಾಗದಿದ್ದರೆ ಬಾಟಲ್ ಬಿ ಟೆಸ್ಟ್ ಕೇಳಲು ಪಾರ್ಟ್ 40 ಪದ್ಧತಿಯಲ್ಲಿ 72 ಗಂಟೆ ಇದೆ.

ಈಗ ಮೇಜಿನ ಮೇಲೆ ಟೈಮರ್ ಇದೆ. ಟಿ ಗೆರೆಯ ಬಗ್ಗೆ ಅನುಮಾನ ಬಂದರೆ ಇನ್ನೊಬ್ಬರು ಬಂದು ನೋಡುತ್ತಾರೆ, ಅವಧಿಯೊಳಗೇ. ಇಬ್ಬರಲ್ಲಿ ಒಬ್ಬರಿಗೆ ಗೆರೆ ಕಂಡರೂ ನೆಗೆಟಿವ್ ಅಂತಲೇ ಬರೆಯುತ್ತೇವೆ. ಶೆಡ್ಯೂಲರ್‌ಗೆ ಹೋಗುವ ಸುದ್ದಿ ‘ಫಲಿತಾಂಶ ಬಂದಿಲ್ಲ’ ಎಂಬುದೊಂದೇ. ಕೇಸ್ ತೆಗೆಯುವುದು, ಬಿಡುವುದು ಎಂಆರ್‌ಒ ವರದಿ ಕೈಗೆ ಬಂದ ಮೇಲೆ.

ಆ ಏಡ್‌ದು ಲ್ಯಾಬಿನಿಂದ ನೆಗೆಟಿವ್ ಅಂತ ಬಂದದ್ದು ಗುರುವಾರ. ಎಂಆರ್‌ಒ ಅವರಿಗೆ ಒಂದು ಪ್ರಶ್ನೆ ಕೇಳುವ ಅಗತ್ಯವೂ ಬಿದ್ದಿರಲಿಲ್ಲ. ನಾನು ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಬುಧವಾರವೇ ಬೇರೆ ಏಜೆನ್ಸಿ ಸೇರಿದ್ದರು. ಸೋಮವಾರದ ಪೇಶೆಂಟಿಗೆ ಬೇರೆ ಏಡ್ ಸಿಕ್ಕಿದ್ದು ಶುಕ್ರವಾರ. ಆ ನಾಲ್ಕು ದಿನ ಸ್ನಾನ ಮಾಡಿಸಿದ್ದು ಅವರ ಮಗಳು.