ಬಿದ್ದ ವಿಮಾನದ ಎಂಜಿನ್ ಕೆಟ್ಟಿತ್ತೇ ಎಂದು ತಿಳಿಯುವುದು ಹೇಗೆ?

ಎಲ್ಲಿ ಸಣ್ಣ ವಿಮಾನ ಬಿದ್ದ ಸುದ್ದಿ ಬಂದರೂ ಉಡುಪಿಯಲ್ಲಿ ನನ್ನನ್ನು ಬಲ್ಲವರು ಕೇಳುವುದು ಒಂದೇ ಮಾತು: "ನೀವು ವಿಮಾನದ ಎಂಜಿನ್ ಕೆಲಸ ಮಾಡಿದವರಲ್ಲವೇ ಮಾರಾಯರೇ, ಎಂಜಿನ್ ಕೈಕೊಟ್ಟದ್ದಂತೆ, ಹೌದಾ? ಎಲ್ಲ ಸುಟ್ಟು ಮುದ್ದೆಯಾದ ಮೇಲೆ ಅದು ಗೊತ್ತಾಗುವುದಾದರೂ ಹೇಗೆ?"

ಗೊತ್ತಾಗುತ್ತದೆ. ಆದರೆ ಟಿವಿಯಲ್ಲಿ ಹೇಳುವಷ್ಟು ಬೇಗ ಅಲ್ಲ.

2010ರ ಮೇ 22ರಂದು ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದ ಬೋಯಿಂಗ್ 737ರಲ್ಲಿ 158 ಮಂದಿ ತೀರಿಕೊಂಡರು. ಆ ವಿಮಾನದಲ್ಲಿ ಬ್ಲ್ಯಾಕ್ ಬಾಕ್ಸ್ ಇತ್ತು. ಬೇಕಾದುದಕ್ಕಿಂತ ಎತ್ತರದಲ್ಲಿ ಬಂದು, ರನ್‌ವೇಯ ಅರ್ಧಕ್ಕೂ ಹೆಚ್ಚು ಭಾಗ ಕಳೆದ ಮೇಲೆ ನೆಲ ಮುಟ್ಟಿದ್ದು ತನಿಖೆಯಲ್ಲಿ ಸ್ಪಷ್ಟವಾಯಿತು. ತರಬೇತಿಗೆ ಬಳಸುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಆ ಪೆಟ್ಟಿಗೆ ಇರುವುದಿಲ್ಲ. ಅಲ್ಲಿ ಲೋಹ, ಮಣ್ಣು, ಗಿಡಗಳನ್ನೇ ಓದಬೇಕು.

ಮೊದಲು ನೋಡುವುದು ಪ್ರೊಪೆಲ್ಲರ್, ಅಂದರೆ ಎಂಜಿನ್ ತಿರುಗಿಸುವ ಪಂಖ. ಮಲ್ಪೆಯ ಬಂದರಿನಲ್ಲಿ ಕಲ್ಲಿಗೆ ಬಡಿದ ಬೋಟಿನ ಪಂಖವನ್ನು ದಡಕ್ಕೆ ತಂದಾಗ ಅನುಭವಸ್ಥರು ಅದರ ಮಡಿಕೆಯನ್ನು ಹೇಗೆ ಬೆರಳಾಡಿಸಿ ನೋಡುತ್ತಾರೋ, ಹಾಗೆಯೇ ಇದೂ. ಎಂಜಿನ್ ಶಕ್ತಿ ಕೊಡುತ್ತಿದ್ದಾಗ ನೆಲಕ್ಕೆ ಬಡಿದರೆ ಬ್ಲೇಡುಗಳು ತಿರುಚಿಕೊಳ್ಳುತ್ತವೆ, ತುದಿಗಳು ಮುಂದಕ್ಕೆ ಬಾಗುವುದೂ ಉಂಟು, ಮುಂದಿನ ಅಂಚಿನಲ್ಲಿ ಆಳವಾದ ಕಚ್ಚುಗಳು ಬೀಳುತ್ತವೆ, ಅಗಲಕ್ಕೆ ಗೀರುಗಳು ಮೂಡುತ್ತವೆ. ಒಂದು ಬ್ಲೇಡ್ ಸುಮ್ಮನೆ ಹಿಂದಕ್ಕೆ ಮಡಚಿ, ಇನ್ನೊಂದು ನೆಟ್ಟಗೇ ಉಳಿದಿದ್ದರೆ ಎಂಜಿನ್ ನಿಂತಿತ್ತೆಂಬ ಅನುಮಾನ ಬಲವಾಗುತ್ತದೆ.

ಬ್ಲೇಡು ನೆಲವನ್ನು ಕಡಿದ ಗುರುತುಗಳಿದ್ದರೆ ಲೆಕ್ಕವನ್ನೇ ಹಾಕಬಹುದು. ಎರಡು ಬ್ಲೇಡಿನ ಪ್ರೊಪೆಲ್ಲರ್ ನಿಮಿಷಕ್ಕೆ 2400 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 80 ಕಡಿತ. ಗಂಟೆಗೆ 115 ಕಿಲೋಮೀಟರ್ ವೇಗದಲ್ಲಿ ಬಂದ ವಿಮಾನ ಸೆಕೆಂಡಿಗೆ ಸುಮಾರು 32 ಮೀಟರ್ ಸಾಗುತ್ತದೆ. ಹಾಗಾಗಿ ಒಂದು ಕಡಿತದಿಂದ ಇನ್ನೊಂದಕ್ಕೆ 40 ಸೆಂಟಿಮೀಟರ್ ಅಂತರ ಇರಬೇಕು. ಅದೇ ವೇಗಕ್ಕೆ 80 ಸೆಂಟಿಮೀಟರ್ ಅಂತರ ಸಿಕ್ಕಿದರೆ ಸುತ್ತು 1200ಕ್ಕೆ ಇಳಿದಿತ್ತು ಎಂದಾಯಿತು. ಎಂಜಿನ್ ಸತ್ತರೂ ಗಾಳಿಯ ರಭಸಕ್ಕೆ ಪ್ರೊಪೆಲ್ಲರ್ ತಿರುಗುತ್ತಲೇ ಇರಬಹುದು. ಆದ್ದರಿಂದ ತಿರುಗುತ್ತಿತ್ತೇ ಎಂಬುದು ಸಾಲದು, ಎಷ್ಟು ಬಲದಿಂದ ತಿರುಗುತ್ತಿತ್ತು ಎಂಬುದೇ ಪ್ರಶ್ನೆ.

ಶಕ್ತಿ ಇರಲಿಲ್ಲ ಎಂದು ಖಚಿತವಾದರೂ ಎಂಜಿನ್ ಕೆಟ್ಟಿತ್ತು ಎಂದು ಬರೆಯಲಾಗದು. ಯಾವ ದೋಷವೂ ಇಲ್ಲದ ಎಂಜಿನ್ ಇಂಧನವಿಲ್ಲದೆ ನಿಲ್ಲುತ್ತದೆ. ಇಂಧನದಲ್ಲಿ ನೀರು ಸೇರಿದರೂ ನಿಲ್ಲುತ್ತದೆ. ಹಾಗಾಗಿ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ಕೈಯಲ್ಲಿ ತಿರುಗಿಸಿ ವಾಲ್ವುಗಳು ಏಳುತ್ತವೆಯೇ, ಪ್ಲಗ್ ತೆಗೆದ ತೂತಿಗೆ ಹೆಬ್ಬೆರಳು ಒತ್ತಿದರೆ ಗಾಳಿ ತಳ್ಳುತ್ತದೆಯೇ ಎಂದು ನೋಡುತ್ತಾರೆ. ಪ್ಲಗ್ಗಿಗೆ ವಿದ್ಯುತ್ ಕೊಡುವ ಎರಡೂ ಮ್ಯಾಗ್ನೆಟೊಗಳಿಂದ ಕಿಡಿ ಬರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಪಿಸ್ಟನ್ನನ್ನು ಆ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಮುರಿದು ಸಿಕ್ಕಿದರೆ ಮುರಿದ ಮುಖವನ್ನು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಸಾಲು ಸಾಲು ಬಾಗಿದ ಗೆರೆಗಳಿದ್ದರೆ ಬಿರುಕು ಹಾರಾಟದ ಮೇಲೆ ಹಾರಾಟವಾಗಿ ಬೆಳೆದದ್ದು; ಬಿದ್ದಾಗಿನ ಹೊಡೆತಕ್ಕೇ ಮುರಿದದ್ದಾದರೆ ಆ ಗೆರೆಗಳಿರುವುದಿಲ್ಲ. ನೆಲದ ಹುಲ್ಲು, ಗಿಡದ ಎಲೆಗಳು ಚೆಲ್ಲಿದ ಇಂಧನಕ್ಕೆ ಕಂದಿದ್ದರೆ ಟ್ಯಾಂಕಿನಲ್ಲಿ ಇಂಧನವಿತ್ತು ಎಂಬುದಕ್ಕೆ ಅದೂ ಒಂದು ಸಾಕ್ಷಿ.

ನನಗೆ ಎಲ್ಲಕ್ಕಿಂತ ಕಷ್ಟದ್ದೆನಿಸುವುದು, ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರಿನಲ್ಲಿ ಕಟ್ಟುವ ಮಂಜುಗಡ್ಡೆ. ನಮ್ಮ ಕರಾವಳಿಯ ಸೆಕೆಯಲ್ಲಿ ಮಂಜುಗಡ್ಡೆಯೇ ಎಂದು ಯಾರೂ ನಂಬುವುದಿಲ್ಲ. ಸೆಸ್ನಾ 152ರಂಥ ಸಣ್ಣ ತರಬೇತಿ ವಿಮಾನದ ಕಾರ್ಬುರೇಟರಿನಲ್ಲಿ ಇಂಧನ ಆವಿಯಾಗುವಾಗ, ಕಿರಿದಾದ ಕೊಳವೆಯಲ್ಲಿ ಗಾಳಿ ನುಗ್ಗುವಾಗ, ಉಷ್ಣತೆ 20 ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ಹೊರಗೆ 25 ಡಿಗ್ರಿ ಇದ್ದರೂ, ಗಾಳಿ ಮಳೆಗಾಲದ ಮಂಗಳೂರಿನಂತೆ ತೇವದಿಂದ ತುಂಬಿದ್ದರೆ, ಥ್ರಾಟಲ್ ಇಳಿಸಿ ಕೆಳಗೆ ಬರುವಾಗ ಒಳಗೆ ಮಂಜು ಕಟ್ಟಿ ಎಂಜಿನ್ ಉಸಿರುಗಟ್ಟುತ್ತದೆ. ತನಿಖೆಯವರು ತಲುಪುವಷ್ಟರಲ್ಲಿ ಅದು ಕರಗಿ ಹೋಗಿರುತ್ತದೆ. ಎಂಜಿನ್ ಬಿಚ್ಚಿದರೆ ಒಂದು ಕುಂದೂ ಕಾಣುವುದಿಲ್ಲ. ಆಗ ಉಳಿಯುವುದು ಆ ಹೊತ್ತಿನ ಹವಾಮಾನದ ದಾಖಲೆ ಮತ್ತು ಕಾಕ್‌ಪಿಟ್‌ನಲ್ಲಿ ಕಾರ್ಬುರೇಟರ್ ಬಿಸಿ ಮಾಡುವ ನಾಬ್ ಯಾವ ಸ್ಥಾನದಲ್ಲಿತ್ತು ಎಂಬುದು. ವರದಿಯಲ್ಲಿ "ಸಂಭವನೀಯ ಕಾರಣ" ಎಂದು ಓದಿದವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ಸಿಟ್ಟಾಗುತ್ತಾರೆ. ಸಾಕ್ಷಿ ಎಷ್ಟು ದೂರ ಕರೆದೊಯ್ಯುತ್ತದೋ ಅಷ್ಟೇ ದೂರ ಹೋಗಿ ನಿಂತ ಆ ಪದ ನನಗೆ ಪ್ರಾಮಾಣಿಕವಾಗಿ ಕಾಣುತ್ತದೆ.

ಸತ್ತ ಪೈಲಟ್‌ನ ಮೇಲೆ ಮರುದಿನವೇ ತಪ್ಪು ಹೊರಿಸುವವರನ್ನು ಕಂಡರೆ ನನಗೆ ನೋವಾಗುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇಂಥ ತನಿಖೆ ಇನ್ನೊಂದು ಅಪಘಾತ ತಡೆಯುವುದಕ್ಕೇ ಹೊರತು ತಪ್ಪಿತಸ್ಥರನ್ನು ಹಿಡಿಯುವುದಕ್ಕಲ್ಲ.

ಒಂದು ವೇಳೆ ನಿಮ್ಮೂರಿನ ಗದ್ದೆಯಲ್ಲೇ ವಿಮಾನ ಬಿದ್ದರೆ ಮೊದಲು ಜೀವ ಉಳಿಸಿ, ಅದಕ್ಕಾಗಿ ಏನನ್ನು ಸರಿಸಬೇಕಾದರೂ ಸರಿಸಿ. ಅದಾದ ಮೇಲೆ ಯಾವ ನಾಬ್, ಲಿವರನ್ನೂ ಮುಟ್ಟಬೇಡಿ. ನೆಲದ ಕಡಿತಗಳ ಮೇಲೆ ನಡೆಯಬೇಡಿ. ಮಳೆ ಬರುವಂತಿದ್ದರೆ ಅವುಗಳ ಫೋಟೊ ತೆಗೆದಿಡಿ. ವಿಮಾನ ಹಾರುತ್ತಿದ್ದಾಗಿನ ವಿಡಿಯೊ ನಿಮ್ಮ ಮೊಬೈಲ್‌ನಲ್ಲಿದ್ದರೆ ಕತ್ತರಿಸದೆ, ಹಾಡು ಸೇರಿಸದೆ, ಮೂಲವನ್ನೇ ತನಿಖಾಧಿಕಾರಿಗೆ ಕೊಡಿ. ಚಿತ್ರ ಮಸುಕಾಗಿದ್ದರೂ ಚಿಂತೆಯಿಲ್ಲ. ಅದರ ಶಬ್ದದಿಂದಲೇ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿತ್ತು ಎಂದು ಲೆಕ್ಕ ಹಾಕಬಹುದು.