ಅಮ್ಮ ರಟ್ಟು ಬಿಸಾಡಿದ ದಿನ

ನನ್ನ ಹತ್ತಿರ ಒಂದೇ ಸಿನಿಮಾದ ಏಳು ಡಿಸ್ಕ್ ಇವೆ. ಏಳು ಯಾಕೆ ಬೇಕು ಅಂತ ಕೇಳಿ ಕೇಳಿ ಸಾಕಾಗಿ ಹೆಂಡತಿ ಈಗ ಕೇಳುವುದನ್ನೇ ಬಿಟ್ಟಿದ್ದಾಳೆ. ಅಮ್ಮ ಬಿಡಲಿಲ್ಲ.

ಅಮ್ಮ ದಾವಣಗೆರೆಯಿಂದ ನಮ್ಮ ಮನೆಗೆ ಬಂದದ್ದು ಮಾರ್ಚ್‌ನಲ್ಲಿ. ನಾವಿರುವುದು ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಹೊರವಲಯದಲ್ಲಿ. ಆ ತಿಂಗಳಲ್ಲಿ ಇಲ್ಲಿ ಹಿಮವೂ ಇರುತ್ತದೆ, ಕೆಸರೂ ಇರುತ್ತದೆ. ಹೊರಗೆ ಕಾಲಿಡುವ ಹಾಗಿಲ್ಲ, ಕಾಂಪೌಂಡ್ ಆಚೆ ನಿಂತು ಮಾತಾಡುವವರಿಲ್ಲ. ನಲವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು ಸುಮ್ಮನೆ ಎಷ್ಟು ದಿನ ಕೂರುತ್ತಾಳೆ? ಮೊದಲ ವಾರ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಿಸಿದವು. ಎರಡನೇ ವಾರ ಬಟ್ಟೆ ಬೀರು. ಮೂರನೇ ವಾರದ ಗುರುವಾರ ಬೆಳಿಗ್ಗೆ ನಾನು ಮಹಡಿ ಮೇಲೆ ಆಫೀಸಿನ ಕಾಲ್‌ನಲ್ಲಿದ್ದೆ. ಕೆಳಗೆ ಅಮ್ಮನ ಕಣ್ಣು ನನ್ನ ಡಿಸ್ಕ್ ಶೆಲ್ಫಿನ ಮೇಲೆ ಬಿತ್ತು.

ಕಾಲ್ ಮುಗಿಸಿ ಇಳಿದು ಬಂದೆ. ಶೆಲ್ಫು ಫಳಫಳ ಅನ್ನುತ್ತಿತ್ತು. ಒಂದು ಚೂರು ಧೂಳಿಲ್ಲ. ಡಿಸ್ಕ್‌ಗಳೆಲ್ಲ ಎತ್ತರದ ಪ್ರಕಾರ ನಿಂತಿದ್ದವು, ನಮ್ಮ ಊರ ಮನೆಯಲ್ಲಿ ಸ್ಟೀಲ್ ಡಬ್ಬಿ ಜೋಡಿಸಿದ ಹಾಗೆ. ಚೆನ್ನಾಗೇ ಕಾಣುತ್ತಿತ್ತು. ಆದರೆ ಏನೋ ಹೋಗಿದೆ. ಎಲ್ಲವೂ ಒಂದು ಸುತ್ತು ಇಳಿದ ಹಾಗಿವೆ.

"ಅಮ್ಮಾ, ಇವುಗಳ ಮೇಲೆ ಒಂದೊಂದು ರಟ್ಟಿನ ಕವರ್ ಇತ್ತಲ್ವಾ?"

"ಹ್ಞೂ, ಪ್ಯಾಕಿಂಗ್ ರಟ್ಟು. ಒಳಗೂ ಅದೇ ಚಿತ್ರ ಇದೆಯಲ್ಲೋ, ಎರಡೆರಡು ಯಾಕೆ? ನೀಲಿ ಡಬ್ಬಿಗೆ ಹಾಕ್ದೆ. ರಟ್ಟೆಲ್ಲ ನೀಲಿ ಡಬ್ಬಿಗೆ ಅಂತ ನೀನೇ ಹೇಳಿದ್ದೆ."

ಹೇಳಿದ್ದು ನಿಜ. ನೀಲಿ ಡಬ್ಬಿ ಮರುಬಳಕೆಗೆ ಹೋಗುವ ಕಸದ್ದು, ಅದನ್ನು ಒಯ್ಯುವ ಲಾರಿ ಬರುವುದು ಗುರುವಾರ. ಅದೂ ನಿಜ.

ಈ ಹುಚ್ಚು ಇಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಆ ರಟ್ಟಿಗೆ ಸ್ಲಿಪ್‌ಕವರ್ ಅನ್ನುತ್ತಾರೆ. ಇಲ್ಲಿ ಸ್ಕ್ರೀಮ್ ಫ್ಯಾಕ್ಟರಿ ಅಂತ ಒಂದು ಕಂಪನಿ ಇದೆ. 2012ರಿಂದ ಹಳೆಯ ದೆವ್ವದ ಸಿನಿಮಾಗಳನ್ನು ಹುಡುಕಿ, ಹೊಸದಾಗಿ ಚಿತ್ರ ಬರೆಸಿ, ಚೆಂದದ ಬ್ಲೂ-ರೇ, ಅಂದರೆ ಡಿವಿಡಿಗಿಂತ ಸ್ಪಷ್ಟವಾದ ಡಿಸ್ಕ್, ಮಾಡಿ ಮಾರುತ್ತಿದೆ. ರಟ್ಟಿನ ಕವರ್ ಸಿಗುವುದು ಮೊದಮೊದಲು ಅಚ್ಚಾದವಕ್ಕೆ. ಆಮೇಲೆ ಕೊಂಡವರಿಗೆ ಬರೀ ಪ್ಲಾಸ್ಟಿಕ್ ಡಬ್ಬಿ. ಹಾಗಾಗಿ ಡಿಸ್ಕ್ ಇಲ್ಲದೆ ರಟ್ಟನ್ನಷ್ಟೇ ಮಾರುವವರಿದ್ದಾರೆ. ಕೊಳ್ಳುವವರೂ ಇದ್ದಾರೆ. ನಾನೂ ಒಂದು ಸಲ ಕೊಂಡಿದ್ದೇನೆ, ಎಷ್ಟು ಕೊಟ್ಟೆ ಅಂತ ಮಾತ್ರ ಕೇಳಬೇಡಿ.

ಹವಾಯಿ ಚಪ್ಪಲಿಯಲ್ಲೇ ಓಡಿದೆ. ಲಾರಿ ಎರಡು ಮನೆ ಆಚೆ ಇತ್ತು. ಡಬ್ಬಿ ಬಗ್ಗಿಸಿ ಕೈ ಹಾಕಿದೆ. ಹಾಲಿನ ಡಬ್ಬ, ಪಿಜ್ಜಾ ರಟ್ಟು, ಅಮ್ಮ ಶ್ರದ್ಧೆಯಿಂದ ತೊಳೆದು ಹಾಕಿದ್ದ ಮೊಸರಿನ ಡಬ್ಬಿಗಳು. ಒಂದೊಂದಾಗಿ ಹನ್ನೊಂದು ಕವರ್ ಸಿಕ್ಕವು. ಪುಣ್ಯಕ್ಕೆ ಅಮ್ಮ ಮಡಚಿರಲಿಲ್ಲ, ಒಂದರೊಳಗೆ ಒಂದು ತೂರಿಸಿ ಇಟ್ಟಿದ್ದಳು. ಹತ್ತಕ್ಕೆ ಏನೂ ಆಗಿರಲಿಲ್ಲ. ಎಲ್ಲಕ್ಕಿಂತ ಹೊರಗಿದ್ದದ್ದು ಜಾನ್ ಕಾರ್ಪೆಂಟರ್ ಅವರ 1980ರ "ದ ಫಾಗ್". ಮೊಸರಿನ ಡಬ್ಬಿಯ ನೀರೆಲ್ಲ ಅದರ ಮೇಲೆ ಸುರಿದಿತ್ತು. ಲಾರಿಯವನು ಬಂದು, ಇಳಿದು, ಹಿಮದಲ್ಲಿ ಚಪ್ಪಲಿ ಹಾಕಿಕೊಂಡು ಕಸದ ಡಬ್ಬಿಯನ್ನು ತಬ್ಬಿ ನಿಂತವನನ್ನು ನೋಡಿ, ಏನೂ ಅನ್ನದೆ ಪಕ್ಕದ ಮನೆಯ ಡಬ್ಬಿ ಎತ್ತಿಕೊಂಡ.

ಒಳಗೆ ಬಂದರೆ ಅಮ್ಮನ ಮುಖ ಸಣ್ಣಗಾಗಿತ್ತು. ಸೀರೆ ಅಂಗಡಿಯ ಡಬ್ಬಿ, ಬಿಸ್ಕತ್ತಿನ ಟಿನ್ನು, ಯಾರದೋ ಮದುವೆ ಕಾಗದ, ಊರಲ್ಲಿ ಯಾವುದನ್ನೂ ಬಿಸಾಡದವಳು ಅವಳು. ಇಲ್ಲಿ ಮಾತ್ರ ಮಗ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ಒದ್ದೆ ಕವರನ್ನು ನನ್ನ ಕೈಯಿಂದ ತೆಗೆದುಕೊಂಡು, ಪಂಚೆಯ ಬಟ್ಟೆಯಿಂದ ಒತ್ತಿ, ಎರಡು ಹಳೆ ಪೇಪರ್ ನಡುವೆ ಇಟ್ಟು, ಮೇಲೆ ಚಪಾತಿ ಮಣೆ, ಅದರ ಮೇಲೆ ಐದು ಲೀಟರಿನ ಕುಕ್ಕರ್ ಹೇರಿದಳು. "ಮಳೇಲಿ ನೆಂದ ಪುಸ್ತಕ ಎಷ್ಟು ಒಣಗಿಸಿಲ್ಲ ನಾನು. ನಾಳೆ ಹೊತ್ತಿಗೆ ಸರಿ ಹೋಗುತ್ತೆ ಬಿಡು." ಆಮೇಲೆ ಶೆಲ್ಫಿನಿಂದ ಒಂದು ಸ್ಟೀಲ್‌ಬುಕ್ ತೆಗೆದು ಬೆರಳಲ್ಲಿ ತಟ್ಟಿ ನೋಡಿದಳು. ತಗಡಿನ ಡಬ್ಬಿ ಅದು. "ಇದು ಚೆನ್ನಾಗಿದೆ ನೋಡು, ಗಟ್ಟಿ. ಎಲ್ಲಾ ಇಂಥದ್ದೇ ತಗೋಬಾರದಾ?"

ಅಲ್ಲಿಂದ ಮಾತು ಬೆಳೆಯಿತು. ಬ್ರಿಟನ್ನಿನಿಂದ ತರಿಸಿದ ಡಿಸ್ಕ್ ಒಂದನ್ನು ತೋರಿಸಿದೆ. ಅದು ಇಲ್ಲಿನ ಸಾಮಾನ್ಯ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಬ್ಲೂ-ರೇ ಕಂಪನಿಗಳು ಲೋಕವನ್ನು ಮೂರು ಪಾಲು ಮಾಡಿವೆ. ಅಮೆರಿಕ ಎ, ಯುರೋಪ್ ಬಿ, ನಮ್ಮ ಇಂಡಿಯಾ ಸಿ. "ಡಿಸ್ಕಿಗೂ ವೀಸಾನಾ?" ಅಂದಳು. ತನ್ನ ವೀಸಾಗೆ ಚೆನ್ನೈಗೆ ಹೋಗಿ ಸಾಲಲ್ಲಿ ನಿಂತದ್ದು ಅವಳಿಗೆ ಇನ್ನೂ ಮರೆತಿರಲಿಲ್ಲ. 1931ರ "ಡ್ರಾಕುಲಾ" ಡಬ್ಬಿ ತೆಗೆದೆ. ಹಗಲೆಲ್ಲ ಬೆಲಾ ಲುಗೋಸಿ ಇಂಗ್ಲಿಷಿನಲ್ಲಿ ನಟಿಸಿ ಮನೆಗೆ ಹೋದ ಮೇಲೆ, ರಾತ್ರಿ ಅದೇ ಸೆಟ್‌ನಲ್ಲಿ ಬೇರೆ ನಟರು, ಬೇರೆ ನಿರ್ದೇಶಕರು ಅದೇ ಕಥೆಯನ್ನು ಸ್ಪ್ಯಾನಿಷ್‌ನಲ್ಲಿ ತೆಗೆದರು. ಡಬ್ಬಿಯಲ್ಲಿ ಎರಡೂ ಇವೆ. ಕ್ಯಾಮೆರಾ ಕೆಲಸ ರಾತ್ರಿಯವರದೇ ಮೇಲು ಅಂತ ನನ್ನ ಲೆಕ್ಕ. ಅಮ್ಮ ತಲೆ ಆಡಿಸಿದಳು. ನಮ್ಮಲ್ಲೂ ಕನ್ನಡ, ತೆಲುಗು ಎರಡೂ ಒಟ್ಟಿಗೆ ತೆಗೀತಿದ್ರಲ್ಲ ಅಂದಳು. ಎಲ್ಲ ಸರಿ. ಆದರೆ ಕೊನೆಗೆ ಮತ್ತೆ ಅಲ್ಲಿಗೇ ಬಂದಳು.

"ಇದೊಂದು ಪಿಚ್ಚರ್ ಮಾತ್ರ ಏಳು ಯಾಕೆ?"

ಆ ಪಿಚ್ಚರ್ "ನೈಟ್ ಆಫ್ ದ ಲಿವಿಂಗ್ ಡೆಡ್". 1968ರದ್ದು, ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನುವ ಕಥೆ. ಮಾಡಿದವರು ಇದೇ ಪಿಟ್ಸ್‌ಬರ್ಗಿನ ಹುಡುಗರು, ಜಾಹೀರಾತು ಫಿಲ್ಮ್ ತೆಗೆಯುತ್ತಿದ್ದವರು. ನಿರ್ದೇಶಕ ಜಾರ್ಜ್ ರೊಮೆರೊ. ಖರ್ಚಾದದ್ದು ಸುಮಾರು 1,14,000 ಡಾಲರ್. ಮೊದಲ ಪ್ರದರ್ಶನವೂ ಈ ಊರಲ್ಲೇ, ಅಕ್ಟೋಬರ್ 1ರಂದು. ನಾನು ಇಲ್ಲಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ ಒಬ್ಬ ಸಹೋದ್ಯೋಗಿ ಎವನ್ಸ್ ಸಿಟಿ ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದ. ಸಿನಿಮಾ ಶುರುವಾಗುವುದೇ ಆ ಸ್ಮಶಾನದಲ್ಲಿ. ಗುಡ್ಡದ ಮೇಲಿನ ಪುಟ್ಟ ಪ್ರಾರ್ಥನಾ ಮಂದಿರ ಬೀಳುವ ಹಾಗಾಗಿತ್ತಂತೆ, ಸಿನಿಮಾದ ಅಭಿಮಾನಿಗಳೇ ದುಡ್ಡು ಕೂಡಿಸಿ ಉಳಿಸಿಕೊಂಡರು. ವಾಪಸ್ ಬರುವಾಗ ಒಂದು ಅಂಗಡಿಯಲ್ಲಿ ಒಂದು ಡಾಲರಿಗೆ ಅದರ ಡಿವಿಡಿ ಸಿಕ್ಕಿತು. ಅದು ಮೊದಲನೆಯದು.

ಒಂದು ಡಾಲರಿಗೆ ಯಾಕೆ ಸಿಕ್ಕಿತು ಅನ್ನುವುದೇ ದೊಡ್ಡ ಕಥೆ. ಆಗಿನ ಅಮೆರಿಕದ ಕಾನೂನಿನಲ್ಲಿ ಕಾಪಿರೈಟ್ ಬೇಕಾದರೆ ಅದರ ಸಾಲು ಪ್ರಿಂಟಿನ ಮೇಲೇ ಇರಬೇಕಿತ್ತು. ಇವರು ಹಾಕಿದ್ದರು, ಹೆಸರಿನ ಕಾರ್ಡಿನಲ್ಲಿ. ಆದರೆ ಆಗ ಸಿನಿಮಾದ ಹೆಸರು ಬೇರೆ ಇತ್ತು. ವಿತರಕರು ಹೆಸರು ಬದಲಿಸಿ ಹೊಸ ಕಾರ್ಡ್ ಅಂಟಿಸಿದರು. ಹಳೆಯ ಕಾರ್ಡಿನ ಜೊತೆಗೆ ಕಾಪಿರೈಟ್ ಸಾಲೂ ಹೋಯಿತು. ಅಷ್ಟೇ. ಮಾಡಿದವರ ಕೈಯಿಂದ ಸಿನಿಮಾ ಜಾರಿತು. ಯಾರು ಬೇಕಾದರೂ ಪ್ರತಿ ತೆಗೆಯಬಹುದು, ಮಾರಬಹುದು. ಕ್ಯಾಸೆಟ್ಟಿನ ಕಾಲದಲ್ಲೂ ಮಾರಿದರು, ಡಿವಿಡಿ ಕಾಲದಲ್ಲೂ ಮಾರಿದರು. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ನನ್ನ ಹತ್ತಿರ ಅಂಥವು ಮೂರಿವೆ. ಒಂದು ಬಣ್ಣ ಬಳಿದದ್ದು. ಒಂದು 30ನೇ ವರ್ಷದ ನೆಪದಲ್ಲಿ ಹೊಸ ದೃಶ್ಯ ತೆಗೆದು ನಡುನಡುವೆ ತುರುಕಿದ್ದು, ಅದನ್ನು ಒಂದೇ ಸಲ ನೋಡಿದ್ದೇನೆ, ಸಾಕು. ಆರನೆಯದು 2002ರದ್ದು, ಅದು ಪರವಾಗಿಲ್ಲ. ಏಳನೆಯದಕ್ಕೆ ಕಾದು ಕೂತಿದ್ದೆ.

"ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ, ರಾತ್ರಿ ತೋರಿಸ್ತೀನಿ" ಅಂದೆ.

ಊಟ ಆದ ಮೇಲೆ ಅಮ್ಮ ಶಾಲು ಹೊದ್ದು ಸೋಫಾದಲ್ಲಿ ಕೂತಳು. ಹೆಂಡತಿ ಮಗಳನ್ನು ಕರೆದುಕೊಂಡು ಮೇಲೆ ಹೋದಳು. ಮೊದಲು ಒಂದು ಡಾಲರಿನ ಡಿಸ್ಕ್ ಹಾಕಿದೆ. ಅಣ್ಣ, ತಂಗಿ ಅಪ್ಪನ ಗೋರಿಗೆ ಹೂವಿನ ಚಕ್ರ ಇಡಲು ಕಾರಿನಲ್ಲಿ ಬಂದಿದ್ದಾರೆ. ಆಕಾಶ ಬೆಳ್ಳಗೆ, ಮುಖಗಳೂ ಬೆಳ್ಳಗೆ, ಹುಲ್ಲೆಲ್ಲ ಮಸಿ. ಮಾತಿನ ಹಿಂದೆ ಒಗ್ಗರಣೆ ಸಿಡಿದ ಹಾಗೆ ಚಟಪಟ. ಎರಡು ನಿಮಿಷಕ್ಕೆ ಅಮ್ಮ ಕಣ್ಣುಜ್ಜಿಕೊಂಡಳು. "ಕನ್ನಡಕ ತರ್ತೀನಿ ಇರು." ಕನ್ನಡಕ ಮೂಗಿನ ಮೇಲೇ ಇತ್ತು.

ತೆಗೆದು ಏಳನೆಯದನ್ನು ಹಾಕಿದೆ. ಕ್ರೈಟೀರಿಯನ್ ಅನ್ನುವ ಡಿಸ್ಕ್ ಕಂಪನಿಯವರು 2018ರ ಫೆಬ್ರುವರಿಯಲ್ಲಿ ತಂದದ್ದು. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಮತ್ತು ಹಳೆ ಸಿನಿಮಾ ಉಳಿಸುವ ಫಿಲ್ಮ್ ಫೌಂಡೇಶನ್ ಸೇರಿ, ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವನ್ನೇ 4ಕೆಯಲ್ಲಿ, ಅಂದರೆ ತುಂಬ ಸೂಕ್ಷ್ಮವಾಗಿ, ಸ್ಕ್ಯಾನ್ ಮಾಡಿ ರಿಪೇರಿ ಮಾಡಿಸಿದರು. ರೊಮೆರೊ ಕೂಡ ಆ ಕೆಲಸದಲ್ಲಿ ಜೊತೆಗಿದ್ದರು. ಡಿಸ್ಕ್ ಅಂಗಡಿಗೆ ಬರುವ ಹೊತ್ತಿಗೆ ಅವರಿರಲಿಲ್ಲ, 2017ರ ಜುಲೈನಲ್ಲಿ ತೀರಿಕೊಂಡರು.

ಅದೇ ಸ್ಮಶಾನ, ಅದೇ ಕಾರು. ಈಗ ಆಕಾಶದಲ್ಲಿ ಮೋಡವಿದೆ. ಅಣ್ಣನ ಕೋಟಿನ ಮಡಿಕೆ ಕಾಣುತ್ತದೆ. ಇಷ್ಟು ದೂರ ಬರಬೇಕಾಯಿತಲ್ಲ ಅಂತ ಅವನು ಗೊಣಗುತ್ತಾನೆ, ತಂಗಿಯನ್ನು ಹೆದರಿಸಿ ಆಡಿಸುತ್ತಾನೆ. "ಅಪ್ಪನ ಗೋರಿಗೆ ಬರೋಕೂ ಗೊಣಗಾಟಾನಾ?" ಅಂದಳು ಅಮ್ಮ. "ಸ್ಮಶಾನದಲ್ಲಿ ಹಾಗೆಲ್ಲ ಆಡಬಾರದು ಕಣೋ." ಆಮೇಲೆ ಶಾಲು ಬಿಗಿ ಹಿಡಿದು ಮುಂದಕ್ಕೆ ಬಾಗಿದಳು.

"ಅಲ್ಲಿ ಹಿಂದೆ ನೋಡು. ಯಾರೋ ಬರ್ತಿದ್ದಾನೆ. ಕುಡಿದಿದ್ದಾನಾ?"

ರಿಮೋಟ್ ಒತ್ತಿ ನಿಲ್ಲಿಸಿದೆ. ಅಣ್ಣ ತಂಗಿಯ ಹಿಂದೆ, ದೂರದಲ್ಲಿ, ಗೋರಿಗಳ ನಡುವೆ ಸಪೂರ ಮನುಷ್ಯನೊಬ್ಬ ಅಡ್ಡಾದಿಡ್ಡಿ ನಡೆಯುತ್ತಿದ್ದಾನೆ. ಯಾರೂ ಅವನ ಕಡೆ ಬೆರಳು ಮಾಡುವುದಿಲ್ಲ. ಹಳೆಯ ಡಿಸ್ಕ್‌ನಲ್ಲಿ ಅವನು ಒಂದು ಕಲೆ. ಮರವೋ, ಕಂಬವೋ. ಅಷ್ಟು ವರ್ಷ ನೋಡಿದ ನನಗೂ ಅವನು ಅಷ್ಟು ಮೊದಲೇ ಬರುತ್ತಾನೆ ಅಂತ ಗೊತ್ತಾದದ್ದು 2018ರಲ್ಲೇ. ಅಮ್ಮ ಮೊದಲ ಸಲಕ್ಕೇ ಹಿಡಿದಿದ್ದಳು. "ಇದಕ್ಕೇ ಏಳು" ಅಂದೆ. "ಹಾಗಾದ್ರೆ ಇದೊಂದು ಸಾಕಲ್ಲ, ಆ ಆರು ಬಿಸಾಕು" ಅಂದಳು. ಅದಕ್ಕೆ ಈಗಲೂ ನನ್ನಲ್ಲಿ ಉತ್ತರವಿಲ್ಲ.

ಸಿನಿಮಾ ಪೂರ್ತಿ ನೋಡಿದೆವು. ಹೆಣಗಳು ಮಾಂಸ ತಿನ್ನುವ ಕಡೆ ಅಮ್ಮ ಸೆರಗು ಅಡ್ಡ ಹಿಡಿದು "ಮುಗೀತಾ, ಮುಗೀತಾ" ಅಂತ ಕೇಳುತ್ತಲೇ ಇದ್ದಳು. ರಕ್ತ ಅಲ್ಲಮ್ಮ, ಚಾಕೊಲೇಟ್ ಸಿರಪ್, ಕಪ್ಪು ಬಿಳುಪಲ್ಲಿ ಗೊತ್ತಾಗಲ್ಲ ಅಂದೆ. "ಮೊದಲೇ ಹೇಳ್ಬಾರದಾ" ಅಂತ ಬೈದಳು. ಆದರೆ ಸೆರಗು ತೆಗೆಯಲಿಲ್ಲ. ನಾಯಕ ಬೆನ್ ಕಪ್ಪು ಮನುಷ್ಯ, ನಟಿಸಿದವರು ಡುವೇನ್ ಜೋನ್ಸ್. ಇಡೀ ರಾತ್ರಿ ಹೆಣಗಳಿಂದ ತಪ್ಪಿಸಿಕೊಂಡು ಬದುಕಿದವನಿಗೆ ಬೆಳಿಗ್ಗೆ ಬಂದೂಕು ಹಿಡಿದು ಬಂದ ಮನುಷ್ಯರೇ ಗುಂಡು ಹೊಡೆಯುತ್ತಾರೆ. ಕೊನೆಯಲ್ಲಿ ಸಿನಿಮಾ ಓಡುವುದು ನಿಂತು, ಪೇಪರಿನ ಫೋಟೋಗಳ ಹಾಗೆ ಒರಟಾದ ಚಿತ್ರಗಳು ಒಂದಾದ ಮೇಲೊಂದು ಬರುತ್ತವೆ. ಮುಗಿದ ಪ್ರಿಂಟನ್ನು ಕಾರಿನಲ್ಲಿ ಹಾಕಿಕೊಂಡು ನ್ಯೂಯಾರ್ಕಿಗೆ ಹೋಗುವಾಗಲೇ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಸುದ್ದಿ ರೇಡಿಯೊದಲ್ಲಿ ಕೇಳಿದೆವು ಅಂತ ರೊಮೆರೊ ಹೇಳಿಕೊಂಡಿದ್ದಾರೆ. ಅಮ್ಮನಿಗೆ ಅದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಕೇಳಿದಳು. "ನಾ ನಿನ್ನ ಬಿಡಲಾರೆ ಇದೆಯಾ ನಿನ್ನ ಹತ್ರ? ಹೀಗೆ ಡಬ್ಬಿಯಲ್ಲಿ ಸಿಗುತ್ತಾ?"

ಡಬ್ಬಿ ಇಲ್ಲ. ಪುಸ್ತಕ ಇಲ್ಲ, ಸ್ಲಿಪ್‌ಕವರ್ ಇಲ್ಲ. ನೆಗೆಟಿವ್‌ನಿಂದ ತೆಗೆದ ಅಂಥ ಡಿಸ್ಕ್ ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ. ಬಿದ್ದರೆ ಏಳಲ್ಲ, ಹತ್ತು ಕೊಳ್ಳುತ್ತೇನೆ. ಇದ್ದದ್ದು ಯಾವಾಗಲೋ ಬೆಂಗಳೂರಿನ ಗಾಂಧಿನಗರದಲ್ಲಿ ಕೊಂಡ ವಿಸಿಡಿ. ಮೇಲಿನ ಪ್ಲಾಸ್ಟಿಕ್ ಒಡೆದು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ. ಹಳೆ ಲ್ಯಾಪ್‌ಟಾಪಿಗೆ ಹಾಕಿ ಟಿವಿಗೆ ಜೋಡಿಸಿದೆ. 352 ಗುಣಿಸು 288 ಚುಕ್ಕಿಗಳ ಚಿತ್ರವನ್ನು 65 ಇಂಚಿನ ಟಿವಿಗೆ ಎಳೆದರೆ ಹೇಗಿರಬೇಡ? ಮೂಲೆಯಲ್ಲಿ ಕಂಪನಿಯ ಮುದ್ರೆ. ಅನಂತ್ ನಾಗ್ ಮುಖ ಚೌಕ ಚೌಕ. ಲಕ್ಷ್ಮಿ ಸೀರೆಯ ಅಂಚು ಹರಡಿ ಗೋಡೆಗೆ ಸೇರಿಹೋಗಿತ್ತು.

"ಮಸುಕು ಮಸುಕು ಅಲ್ವಾಮ್ಮಾ?"

"ಎಲ್ಲಿ ಮಸುಕು? ಎಲ್ಲಾ ಕಾಣಿಸ್ತಿದೆಯಲ್ಲೋ."

1979ರಲ್ಲಿ ಆ ಸಿನಿಮಾ ಬಂದಾಗ ನಾನು ಅವಳ ಹೊಟ್ಟೆಯಲ್ಲಿದ್ದೆ, ಐದು ತಿಂಗಳು. ಅಪ್ಪನ ಜೊತೆ ಸೆಕೆಂಡ್ ಶೋಗೆ ಹೋಗಿ ಬಂದದ್ದಕ್ಕೆ ಅಜ್ಜಿ ಒಂದು ತಿಂಗಳು ಬೈದರಂತೆ, ಬಸುರಿ ಹೆಂಗಸು ದೆವ್ವದ ಪಿಚ್ಚರ್ ನೋಡ್ತಾಳಾ ಅಂತ. "ಅದಕ್ಕೇ ನಿನಗೆ ಈ ಹುಚ್ಚು ಹತ್ತಿದ್ದು" ಅಂದಳು, ಟಿವಿಯಿಂದ ಕಣ್ಣು ತೆಗೆಯದೆ. ನಡುವೆ ಒಂದು ಕಡೆ ಡಿಸ್ಕ್ ಗೀಚಿತ್ತು, ಚಿತ್ರ ನಿಂತೇ ಹೋಯಿತು. ಅಲ್ಲಿ ಕಾಮಿನಿಯ ದೆವ್ವ ಏನು ಮಾಡುತ್ತದೆ ಅಂತ ಅಮ್ಮ ಎದ್ದು ನಿಂತು ಹೇಳಿದಳು. ಎರಡನೇ ಡಿಸ್ಕಿಗೆ ಬರುವ ಹೊತ್ತಿಗೆ ನನ್ನ ತೋಳು ಹಿಡಿದುಕೊಂಡಿದ್ದಳು. ಅಷ್ಟು ಖರ್ಚು ಮಾಡಿ ತೊಳೆದ ಪಿಟ್ಸ್‌ಬರ್ಗಿನ ಹೆಣಗಳಿಗೆ ಅವಳು ಇಷ್ಟು ಹೆದರಿರಲಿಲ್ಲ. ಕೊನೆಯಲ್ಲಿ ಮಂತ್ರಾಲಯ ಬಂದಾಗ ಕೈ ಮುಗಿದಳು.

ಮಲಗುವಾಗ ಒಂದು ಗಂಟೆ ದಾಟಿತ್ತು. "ಪುಟ್ಟಾ, ಪ್ಯಾಸೇಜ್ ಲೈಟ್ ಆರಿಸ್ಬೇಡ ಕಣೋ" ಅಂತ ಕೋಣೆಯಿಂದ ಕೂಗಿದಳು. ಆರಿಸಲಿಲ್ಲ.

ಬೆಳಿಗ್ಗೆ ಕೆಳಗೆ ಬಂದರೆ ಹಿಟ್ಟು ಕಲಸಿ ಆಗಿತ್ತು. ಕುಕ್ಕರ್ ಒಲೆಯ ಮೇಲಿತ್ತು. "ದ ಫಾಗ್" ಒಣಗಿತ್ತು. ಆದರೆ ಒಂದು ಮೂಲೆ ಹಪ್ಪಳದ ಹಾಗೆ ಎದ್ದು, ಪೇಪರಿನ ಮೇಲಿನ ಯಾವುದೋ ಕಾರಿನ ಜಾಹೀರಾತು ಅದಕ್ಕೆ ತಿರುವುಮುರುವಾಗಿ ಅಚ್ಚಾಗಿತ್ತು. ಅಮ್ಮ ಲಟ್ಟಣಿಗೆ ಹಿಡಿದು ನಿಂತಿದ್ದಳು.

"ನಿನ್ನ ರಟ್ಟು ಎತ್ತಿಕೋ ಬೇಗ. ಮಣೆ ಬೇಕು."